ಹಳದಿ ಕೋಟು ತೊಟ್ಟ ನೆರೆಹೊರೆ

ಸಿಡ್ನಿಯ ವಾಯವ್ಯ ಅಂಚಿನಲ್ಲಿ ಹೊಸ ಬಡಾವಣೆ ಎದ್ದಲ್ಲೆಲ್ಲ ಈಗ ಕನ್ನಡ, ತೆಲುಗು, ಪಂಜಾಬಿ ಕಿವಿಗೆ ಬೀಳುತ್ತವೆ. ಮನೆ ಕೊಳ್ಳುವಾಗ ನಮ್ಮವರು ವಿಚಾರಿಸುವುದು ಶಾಲೆ, ಮೆಟ್ರೊ ನಿಲ್ದಾಣ ಮತ್ತು ಪೂರ್ವ ದಿಕ್ಕಿನ ಬಾಗಿಲು. ಬೆಂಕಿ ಬಿದ್ದರೆ ಯಾರು ಬರುತ್ತಾರೆ ಎಂದು ಕೇಳಿದವರನ್ನು ನಾನು ಕಂಡಿಲ್ಲ. ಕಾಡಿನ ಮಗ್ಗುಲಲ್ಲಿ ಮನೆ ಕಟ್ಟುವವರು ಮೊದಲು ಕೇಳಬೇಕಾದದ್ದು ಅದನ್ನೇ. ಊರಲ್ಲಿ 101ಕ್ಕೆ ಫೋನ್ ಮಾಡಿದರೆ ಸರ್ಕಾರದ ಗಾಡಿ ಬರುತ್ತದೆ, ಅದರಲ್ಲಿ ಸಂಬಳ ಪಡೆಯುವ ನೌಕರರಿರುತ್ತಾರೆ. ಇಲ್ಲಿ 000ಕ್ಕೆ ಫೋನ್ ಮಾಡಿದರೆ ನಗರದೊಳಗೆ ಅಂಥದ್ದೇ ವ್ಯವಸ್ಥೆ ಇದೆ. ಆದರೆ ನ್ಯೂ ಸೌತ್ ವೇಲ್ಸ್ ರಾಜ್ಯದ ನೆಲದ ಶೇಕಡಾ 95ಕ್ಕೂ ಹೆಚ್ಚು ಭಾಗ ರೂರಲ್ ಫೈರ್ ಸರ್ವಿಸ್‌ನ ಸುಪರ್ದಿಯಲ್ಲಿದೆ. ಅದರ ಸುಮಾರು 2,000 ದಳಗಳಲ್ಲಿರುವ 70,000ಕ್ಕೂ ಹೆಚ್ಚು ಜನ ಸ್ವಯಂಸೇವಕರು. ಅವರಿಗೆ ಸಂಬಳವಿಲ್ಲ, ಭತ್ಯೆಯಿಲ್ಲ. ಬರುವವರು ಪಕ್ಕದ ಮನೆಯವರು.

ಇದು ನನಗೆ ಗೊತ್ತಾದದ್ದು 2019ರ ಕೊನೆಯಲ್ಲಿ. ಆ ವರ್ಷದ ಅಕ್ಟೋಬರ್ 26ರಂದು ನಮ್ಮ ವಾಯವ್ಯಕ್ಕಿರುವ ವೊಲೆಮೈ ರಾಷ್ಟ್ರೀಯ ಉದ್ಯಾನದಲ್ಲಿ, ಗಾಸ್ಪರ್ಸ್ ಮೌಂಟನ್ ಬಳಿ, ಸಿಡಿಲು ಬಡಿದು ಬೆಂಕಿ ಹೊತ್ತಿತು. ಅದು ಆರುವಷ್ಟರಲ್ಲಿ 5 ಲಕ್ಷ ಹೆಕ್ಟೇರಿಗೂ ಹೆಚ್ಚು ಕಾಡು ಸುಟ್ಟಿತ್ತು. ಡಿಸೆಂಬರಿನಲ್ಲಿ ಸೇಬಿನ ತೋಟಗಳ ಊರಾದ ಬಿಲ್ಪಿನ್‌ವರೆಗೂ ಬಂತು. ವಾರಗಟ್ಟಲೆ ನಮ್ಮ ಆಕಾಶ ಕಂದು ಬಣ್ಣದಲ್ಲಿತ್ತು, ಒಣಹಾಕಿದ ಬಟ್ಟೆಯ ಮೇಲೆ ಸುಟ್ಟ ಎಲೆಯ ಚೂರುಗಳು ಬೀಳುತ್ತಿದ್ದವು, ಮಕ್ಕಳನ್ನು ಹೊರಗೆ ಬಿಡುವಂತಿರಲಿಲ್ಲ. ರಾಜ್ಯದಲ್ಲಿ ಆ ಬೇಸಿಗೆಗೆ 55 ಲಕ್ಷ ಹೆಕ್ಟೇರ್ ನೆಲ ಮತ್ತು 2,448 ಮನೆಗಳು ಆಹುತಿಯಾದವು.

ನಮ್ಮ ಬೀದಿಯಲ್ಲಿ ಒಬ್ಬ ಪ್ಲಂಬರ್ ಇದ್ದಾರೆ. ನಮ್ಮ ಸ್ನಾನದ ಮನೆಯ ನಲ್ಲಿ ಸರಿ ಮಾಡಿಕೊಟ್ಟವರೂ ಅವರೇ. ಆ ದಿನಗಳಲ್ಲಿ ಅವರ ಕೆಲಸದ ವ್ಯಾನು ಮನೆಯ ಮುಂದೆ ನಿಂತೇ ಇರುತ್ತಿತ್ತು. ಒಂದು ಬೆಳಿಗ್ಗೆ ಹಳದಿ ಕೋಟು, ಹಳದಿ ಪ್ಯಾಂಟು, ಮಸಿ ಹಿಡಿದ ಮುಖದಲ್ಲಿ ಮನೆಗೆ ಬರುತ್ತಿದ್ದವರನ್ನು ಕಂಡು, ನೀವು ಅಗ್ನಿಶಾಮಕ ದಳದವರೇ ಎಂದು ಕೇಳಿದೆ. ಹೌದು, ಇಪ್ಪತ್ತು ವರ್ಷವಾಯಿತು ಎಂದರು. ಕೆಲಸ ಬಿಟ್ಟು ಇದನ್ನು ಮಾಡುತ್ತಿದ್ದೀರಲ್ಲ, ದುಡ್ಡು ಯಾರು ಕೊಡುತ್ತಾರೆ ಎಂದೆ. ಯಾರೂ ಕೊಡುವುದಿಲ್ಲ ಎಂದು ಹೇಳಿ, ನಿದ್ದೆ ಬರುತ್ತಿದೆ, ಸಂಜೆ ಮತ್ತೆ ಹೋಗಬೇಕು ಎನ್ನುತ್ತ ಒಳಗೆ ಹೋದರು. ನನ್ನ ಮನೆಯನ್ನು ಕಾಯಲು ಇವರು ರಾತ್ರಿಯೆಲ್ಲ ನಿಂತು ಬಂದಿದ್ದಾರೆ, ನಾನು ಕಿಟಕಿ ಮುಚ್ಚಿಕೊಂಡು ಮಲಗಿದ್ದೆ ಎಂಬ ಯೋಚನೆ ನನ್ನನ್ನು ಬಿಡಲಿಲ್ಲ. 2020ರ ಫೆಬ್ರವರಿಯಲ್ಲಿ ಕೊನೆಗೂ ಮಳೆ ಬಂತು. ಅದೇ ತಿಂಗಳು ಅರ್ಜಿ ಹಾಕಿದೆ.

ಅರ್ಜಿ ಹಾಕುವುದು ಸುಲಭ. ಗುರುತಿನ ಪತ್ರ, ಪೊಲೀಸ್ ದಾಖಲೆಯ ಪರಿಶೀಲನೆಗೆ ಒಪ್ಪಿಗೆ, ಆರೋಗ್ಯದ ಬಗ್ಗೆ ಪ್ರಾಮಾಣಿಕವಾಗಿ ತುಂಬಬೇಕಾದ ಒಂದು ಫಾರಂ. ಹದಿನಾರು ತುಂಬಿದವರು ಯಾರಾದರೂ ಸೇರಬಹುದು. ತರಬೇತಿ ಉಚಿತ, ಉಡುಪು ಉಚಿತ. ಅಧಿಕಾರಿಯೊಬ್ಬರು ಸಂದರ್ಶನ ಮಾಡಿ ಆಯ್ಕೆ ಮಾಡಬಹುದು ಎಂದುಕೊಂಡಿದ್ದ ನನಗೆ ಮುಂದಿನ ಕ್ರಮ ಆಶ್ಚರ್ಯ ತಂದಿತು. ಹೊಸಬರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬುದನ್ನು ದಳದ ಸದಸ್ಯರು ತಮ್ಮ ಸಭೆಯಲ್ಲಿ ಮತ ಹಾಕಿ ತೀರ್ಮಾನಿಸುತ್ತಾರೆ. ಕ್ಯಾಪ್ಟನ್, ಉಪ ಕ್ಯಾಪ್ಟನ್‌ಗಳನ್ನು ಆರಿಸುವುದೂ ಸದಸ್ಯರೇ, ವಾರ್ಷಿಕ ಸಭೆಯಲ್ಲಿ. 1896ರಲ್ಲಿ ಬೆರಿಗನ್ ಎಂಬ ಊರಿನ ರೈತರು ತಮ್ಮ ಹೊಲ ಉಳಿಸಿಕೊಳ್ಳಲು ಕೂಡಿ ಕಟ್ಟಿಕೊಂಡ ದಳ ಈ ರಾಜ್ಯದ ಮೊದಲನೆಯದು. 1997ರ ಕಾಯ್ದೆಯಿಂದ ಎಲ್ಲ ದಳಗಳೂ ಒಂದೇ ಸೇವೆಯ ಕೆಳಗೆ ಬಂದರೂ, ಊರಿನವರೇ ಕೂಡಿ ನಡೆಸುವ ಆ ಗುಣ ಹೋಗಿಲ್ಲ. ಯಾರ ಮಾತು ಕೇಳಿ ಬೆಂಕಿಯ ಹತ್ತಿರ ಹೋಗಬೇಕೋ ಅವರನ್ನು ನಾವೇ ಆರಿಸಿರುತ್ತೇವೆ. ಇದನ್ನು ನಾನು ಬಹಳ ದೊಡ್ಡ ವಿಷಯವೆಂದು ತಿಳಿಯುತ್ತೇನೆ.

ಕ್ಯಾಪ್ಟನ್ ಮೊದಲ ಭೇಟಿಯಲ್ಲಿ ಕೇಳಿದ ಪ್ರಶ್ನೆಗಳು ಎರಡೇ. ಕೆಲಸದ ದಿನಗಳಲ್ಲಿ ಹಗಲು ಹೊತ್ತು ಬರಲು ಸಾಧ್ಯವೇ? ಮನೆಯವರ ಒಪ್ಪಿಗೆ ಇದೆಯೇ? ಧೈರ್ಯ ಇದೆಯೇ ಎಂದು ಕೇಳಲಿಲ್ಲ. ನಾನು ಔಷಧಿ ಅಂಗಡಿಯಲ್ಲಿ ಫಾರ್ಮಸಿಸ್ಟ್. ಇಲ್ಲಿನ ಕಾರ್ಮಿಕ ಕಾನೂನಿನಲ್ಲಿ ಇಂಥ ತುರ್ತು ಸೇವೆಗೆ ಸಂಬಳರಹಿತ ರಜೆ ಪಡೆಯುವ ಹಕ್ಕು ಇದೆ. ಮಾಲೀಕರಿಗೆ ಮುಂಚಿತವಾಗಿ ಹೇಳಿ ಒಪ್ಪಿಸಿದೆ. ಮನೆಯಲ್ಲಿ ಪತಿಗೆ ಆತಂಕವಿತ್ತು, ತಡೆಯಲಿಲ್ಲ. ಶಿರಸಿಯಲ್ಲಿರುವ ಆಯಿಗೆ ಫೋನಿನಲ್ಲಿ ಹೇಳಿದಾಗ ಒಂದಿಷ್ಟು ಹೊತ್ತು ಮಾತೇ ಇಲ್ಲ. ಆಮೇಲೆ, "ತಂಗಿ, ಬೆಂಕಿಯ ಎದುರು ನಿಲ್ಲುವುದಕ್ಕೆ ಅಷ್ಟು ದೂರ ಹೋಗಬೇಕಿತ್ತೇ?" ಎಂದಳು. ಬೇಣದ ಹುಲ್ಲಿಗೆ ಬೆಂಕಿ ಬಿದ್ದಾಗ ನೀನೂ ಹಸಿ ಸೊಪ್ಪಿನ ಟೊಂಗೆ ಹಿಡಿದು ಓಡುತ್ತಿದ್ದೆಯಲ್ಲ ಎಂದೆ. "ಅದು ನಮ್ಮ ಬೆಟ್ಟ" ಎಂದಳು. ಇದೂ ಈಗ ನಮ್ಮ ಬೆಟ್ಟವೇ ಆಯಿ ಎಂದು ಹೇಳಿದೆ.

ಸೇರಿದ ಕೂಡಲೇ ಕೊರೊನಾ ಬಂತು, ತರಬೇತಿಗಳು ನಿಂತವು. ಮತ್ತೆ ಶುರುವಾಗುವ ಹೊತ್ತಿಗೆ ಹವಾಮಾನ ಪೂರಾ ತಿರುಗಿ ಮಳೆಯ ವರ್ಷಗಳು ಬಂದವು. 2021ರ ಮಾರ್ಚ್‌ನಲ್ಲಿ ಹಾಕ್ಸ್‌ಬರಿ ನದಿ ಉಕ್ಕಿತು. 2022ರ ಮಾರ್ಚ್‌ನಲ್ಲಿ ಮತ್ತೆ, ಜುಲೈಯಲ್ಲಿ ಮತ್ತೊಮ್ಮೆ. ಹಾಗಾಗಿ ಬೆಂಕಿ ಆರಿಸಲು ಸೇರಿದ ನನಗೆ ಮೊದಲು ಸಿಕ್ಕ ಕೆಲಸ ನೆರೆ ಇಳಿದ ಮನೆಗಳಿಂದ ಕೆಸರು ತೊಳೆಯುವುದು. ನೀರು ಇಳಿದ ಮೇಲೆ ಗೋಡೆಯ ಮೇಲೆ ಉಳಿಯುವ ಕಂದು ಗೆರೆ, ಹೊರಗೆ ರಾಶಿ ಹಾಕಿದ ಸೋಫಾ, ಹಾಸಿಗೆ, ಫೋಟೊ ಆಲ್ಬಮ್‌ಗಳು. ಟ್ಯಾಂಕರಿನ ಪಂಪು ಹಚ್ಚಿ ಹೋಸ್ ಹಿಡಿದು ನೆಲ ತೊಳೆಯುತ್ತ ಹೋದರೆ ಒಂದು ಮನೆಗೆ ಅರ್ಧ ದಿನ ಬೇಕು. ಆ ಕೆಲಸ ನನಗೆ ಬಹಳ ಕಲಿಸಿತು: ಹೋಸನ್ನು ಮಡಿಕೆ ಬೀಳದಂತೆ ಬಿಚ್ಚುವುದು, ನೀರಿನ ಒತ್ತಡಕ್ಕೆ ಸೊಂಟ ಕೊಟ್ಟು ನಿಲ್ಲುವುದು, ತಂಡದವರ ಹೆಸರು, ಅವರವರ ಸಿಟ್ಟು, ಅವರವರ ತಾಳ್ಮೆ. ಕ್ಯಾಂಟೀನ್ ನೋಡಿಕೊಳ್ಳುವ ಹಿರಿಯ ಹೆಂಗಸಿಗೆ ನಾನು ಸಸ್ಯಾಹಾರಿ ಎಂದು ಒಮ್ಮೆ ಹೇಳಿದ್ದೆ. ಆಮೇಲೆ ನನ್ನ ಪೊಟ್ಟಣದ ಮೇಲೆ ಹೆಸರು ಬರೆದು ಬೇರೆ ಇಡುವುದನ್ನು ಅವರು ಎಂದೂ ಮರೆತಿಲ್ಲ.

ಬುಷ್ ಫೈರ್‌ಫೈಟರ್ ಎಂಬುದು ಮೊದಲ ಅರ್ಹತೆ. ಅದಿಲ್ಲದೆ ಕಾಡಿನ ಬೆಂಕಿಗೆ ಹೋಗುವಂತಿಲ್ಲ. ಪಾಠದ ಭಾಗ ಮನೆಯಲ್ಲೇ ಕಂಪ್ಯೂಟರಿನಲ್ಲಿ, ಅಭ್ಯಾಸ ಠಾಣೆಯಲ್ಲಿ, ಕೊನೆಗೆ ಬೇರೆ ದಳದಿಂದ ಬಂದವರ ಎದುರು ಪರೀಕ್ಷೆ. ಹಳದಿ ಉಡುಪಿನ ಒಳಗೆ ಹತ್ತಿ ಅಥವಾ ಉಣ್ಣೆಯ ಬಟ್ಟೆಯೇ ಇರಬೇಕು. ಪಾಲಿಯೆಸ್ಟರ್ ಶಾಖಕ್ಕೆ ಕರಗಿ ಚರ್ಮಕ್ಕೆ ಅಂಟುತ್ತದೆ. ಬಳೆ, ಸರ, ಉಂಗುರ ಮನೆಯಲ್ಲೇ ಬಿಟ್ಟು ಹೋಗುತ್ತೇನೆ. ಗಂಟು ಹಾಕುವುದು, ಹೈಡ್ರಂಟ್‌ಗೆ ಜೋಡಿಸುವುದು, ಕೆರೆಯಿಂದಲೋ ಈಜುಕೊಳದಿಂದಲೋ ಚಿಕ್ಕ ಪಂಪಿನಲ್ಲಿ ನೀರೆತ್ತುವುದು, ರೇಡಿಯೊದಲ್ಲಿ ಚುಟುಕಾಗಿ ಮಾತಾಡುವುದು ಎಲ್ಲವೂ ಕೈಗೆ ಹತ್ತುತ್ತವೆ.

ನನ್ನನ್ನು ಹಿಡಿದು ಕೂರಿಸಿದ್ದು ಬೆಂಕಿಯ ನಡವಳಿಕೆಯ ಪಾಠ. ಬೆಂಕಿ ಏರು ನೆಲದಲ್ಲಿ ಓಡುತ್ತದೆ. ಇಳಿಜಾರು 10 ಡಿಗ್ರಿ ಹೆಚ್ಚಿದಂತೆಲ್ಲ ಮೇಲಕ್ಕೆ ಹತ್ತುವ ಬೆಂಕಿಯ ವೇಗ ಹೆಚ್ಚುಕಡಿಮೆ ಇಮ್ಮಡಿಯಾಗುತ್ತದೆ. ಜ್ವಾಲೆ ಮೇಲಿನ ಹುಲ್ಲಿನತ್ತ ಬಾಗಿ, ಮುಟ್ಟುವ ಮೊದಲೇ ಅದನ್ನು ಒಣಗಿಸಿ ಕಾಯಿಸಿರುತ್ತದೆ. ಗುಡ್ಡದ ನೆತ್ತಿಯಲ್ಲಿ ನೋಟಕ್ಕಾಗಿ ಕಟ್ಟಿದ ಮನೆಗಳು ಎಂಥ ಜಾಗದಲ್ಲಿವೆ ಎಂಬುದು ಅದನ್ನು ಕಲಿತ ಮೇಲೆ ಕಣ್ಣಿಗೆ ಹೊಡೆಯುತ್ತದೆ. ಇನ್ನು ಇಲ್ಲಿನ ಮರಗಳು. ನೀಲಗಿರಿ ಜಾತಿಯ ಕೆಲವು ಮರಗಳ ತೊಗಟೆ ಉದ್ದುದ್ದ ಸುಲಿದು ಅಡಿಕೆ ಹಾಳೆಯಂತೆ ಜೋತಾಡುತ್ತಿರುತ್ತದೆ. ಅದಕ್ಕೆ ಬೆಂಕಿ ತಗುಲಿದರೆ ಗಾಳಿ ಅದನ್ನು ಎತ್ತಿಕೊಂಡು ಕಿಲೋಮೀಟರುಗಟ್ಟಲೆ ಮುಂದೆ ಎಸೆಯುತ್ತದೆ. ಮನೆಗಳು ಹೆಚ್ಚಾಗಿ ಸುಡುವುದು ಎದುರಿಗೆ ಬಂದ ಜ್ವಾಲೆಯ ಗೋಡೆಯಿಂದಲ್ಲ. ಹಾರಿ ಬಂದ ಕೆಂಡ ಸೂರಿನಂಚಿನ ಮಳೆನೀರಿನ ದೋಣಿಯಲ್ಲಿ ತುಂಬಿದ ಒಣ ಎಲೆಗೋ, ಬಾಗಿಲ ಬಳಿಯ ತೆಂಗಿನ ನಾರಿನ ಕಾಲೊರಸಿಗೋ ಬಿದ್ದು ಮನೆ ಹತ್ತಿಕೊಳ್ಳುತ್ತದೆ. ಏಣಿ ಹತ್ತಿ ದೋಣಿಯ ಎಲೆ ತೆಗೆಯುವುದು ಬೆಂಕಿಯ ವಿರುದ್ಧ ಒಬ್ಬ ಗೃಹಸ್ಥ ಮಾಡಬಹುದಾದ ಅತಿ ದೊಡ್ಡ ಕೆಲಸ ಎಂದು ನಾನು ಸಿಕ್ಕವರಿಗೆಲ್ಲ ಹೇಳುತ್ತೇನೆ.

ಗಾಳಿಯ ಪಾಠ ಇನ್ನೂ ಗಂಭೀರ. ಬೇಸಿಗೆಯ ಕೆಟ್ಟ ದಿನಗಳಲ್ಲಿ ಮರುಭೂಮಿಯ ಕಡೆಯಿಂದ, ಅಂದರೆ ವಾಯವ್ಯದಿಂದ, ಬಿಸಿ ಗಾಳಿ ಬೀಸುತ್ತದೆ. ಬೆಂಕಿ ಆಗ್ನೇಯಕ್ಕೆ ಉದ್ದವಾಗಿ, ಕಿರಿದಾಗಿ ಓಡುತ್ತದೆ. ಸಂಜೆಗೆ ದಕ್ಷಿಣದ ತಂಪು ಗಾಳಿ ತಟ್ಟನೆ ಬಂದಾಗ ಊರಿನವರಿಗೆ ಹಾಯೆನಿಸುತ್ತದೆ. ಅದೇ ಗಳಿಗೆಯಲ್ಲಿ ಬೆಂಕಿಯ ಉದ್ದನೆಯ ಪಕ್ಕೆ ಅದರ ಮುಖವಾಗುತ್ತದೆ, ಹತ್ತಾರು ಕಿಲೋಮೀಟರ್ ಅಗಲಕ್ಕೆ. ಆ ಪಕ್ಕೆಯ ಸುಡದ ಬದಿಯಲ್ಲಿ ನಿಂತವರು ಸಿಕ್ಕಿಬೀಳುತ್ತಾರೆ. 1998ರ ಡಿಸೆಂಬರ್ 2ರಂದು ನೆರೆಯ ವಿಕ್ಟೋರಿಯಾದ ಲಿಂಟನ್ ಎಂಬಲ್ಲಿ ಹೀಗೆಯೇ ಆಯಿತು. ನೀರು ತುಂಬಿಸಿಕೊಳ್ಳಲು ಹೊರಟಿದ್ದ ಒಂದು ಟ್ಯಾಂಕರಿನ ಐವರು ಸ್ವಯಂಸೇವಕರು ಗಾಳಿ ತಿರುಗಿದಾಗ ತೀರಿಕೊಂಡರು. ಆ ಘಟನೆಯನ್ನು ಹೊಸಬರಿಗೆಲ್ಲ ಹೇಳಿಕೊಡುತ್ತಾರೆ. ಟ್ಯಾಂಕಿನ ನೀರನ್ನು ಎಂದೂ ಪೂರ್ತಿ ಖಾಲಿ ಮಾಡಬಾರದು, ತಂಡದ ಪ್ರಾಣಕ್ಕೆಂದು ಒಂದು ಪಾಲು ಉಳಿಸಲೇಬೇಕು ಎಂಬ ನಿಯಮದ ಹಿಂದೆ ಅವರಿದ್ದಾರೆ. ನಮ್ಮ ತರಗತಿಯಲ್ಲಿ ಆ ದಿನ ಯಾರೂ ಟೀ ವಿರಾಮಕ್ಕೆ ಅವಸರ ಮಾಡಲಿಲ್ಲ.

ಉಳಿಸಿದ ನೀರು ಯಾತಕ್ಕೆ ಎಂಬುದನ್ನು ಅಭ್ಯಾಸದಲ್ಲೇ ಕಾಣಬೇಕು. ಬೆಂಕಿ ನಮ್ಮನ್ನು ದಾಟಿ ಹೋಗುವುದು ಖಚಿತ, ತಪ್ಪಿಸಿಕೊಳ್ಳಲು ದಾರಿಯಿಲ್ಲ ಎಂದಾದರೆ ಟ್ಯಾಂಕರಿನೊಳಗೇ ಕುಳಿತು ಅದು ದಾಟುವವರೆಗೆ ಬದುಕಿರಬೇಕು. ಕೂಗು ಬಿದ್ದೊಡನೆ ಎಲ್ಲರೂ ಒಳಗೆ. ಗಾಜು ಮೇಲೆ, ಹೊರಗಿನ ಗಾಳಿ ಬರುವ ದಾರಿ ಬಂದ್, ಎಂಜಿನ್ ಚಾಲೂ, ದೀಪಗಳು ಹೊತ್ತಿರಬೇಕು, ಒಬ್ಬರು ರೇಡಿಯೊದಲ್ಲಿ ನಾವಿರುವ ಜಾಗ ಹೇಳುತ್ತಾರೆ. ಗಾಡಿಯ ಸುತ್ತ ನೀರಿನ ತೆರೆ ಚಿಮ್ಮಲು ಶುರುವಾಗುತ್ತದೆ. ಕಿಟಕಿಗಳಿಗೆ ಬೆಳ್ಳಿ ಬಣ್ಣದ ಪರದೆ ಎಳೆದ ಕೂಡಲೇ ಒಳಗೆ ಕತ್ತಲೆ. ಕಿಟಕಿಯ ಮಟ್ಟಕ್ಕಿಂತ ಕೆಳಗೆ ಕುಕ್ಕರಿಸಿ, ಮೈಮೇಲೆ ಉಣ್ಣೆಯ ಕಂಬಳಿ ಹೊದ್ದು, ಮೊಣಕಾಲಿಗೆ ಮುಖ ಹಚ್ಚಿ ಕೂರಬೇಕು. ಕೊಲ್ಲುವುದು ಜ್ವಾಲೆಗಿಂತ ಹೆಚ್ಚಾಗಿ ಅದರಿಂದ ಸೂಸುವ ಶಾಖ. ಶಾಖಕ್ಕೂ ಮೈಗೂ ನಡುವೆ ಏನಾದರೊಂದು ಅಡ್ಡ ಇದ್ದರೆ ಬದುಕಬಹುದು. ಕಂಬಳಿಯೊಳಗೆ ಪಕ್ಕದವರ ಉಸಿರು ಕೇಳಿಸುತ್ತದೆ, ತಗಡಿನ ಮೇಲೆ ನೀರು ಬೀಳುವ ಸದ್ದು ಕೇಳಿಸುತ್ತದೆ. ನಾಯಕಿ ಒಬ್ಬೊಬ್ಬರ ಹೆಸರು ಕರೆದು ಉತ್ತರ ಪಡೆಯುತ್ತಾಳೆ. ಅಭ್ಯಾಸವೆಂದು ಗೊತ್ತಿದ್ದೂ ನನ್ನ ಹೆಸರು ಬಂದಾಗ ಗಂಟಲು ಕಟ್ಟಿತು. ಈ ಅಭ್ಯಾಸವನ್ನು ಪ್ರತಿ ಬೆಂಕಿಯ ಋತುವಿಗೆ ಮೊದಲು ಮಾಡುತ್ತೇವೆ. ಹಳಬರೂ ತಪ್ಪಿಸುವುದಿಲ್ಲ.

ಅರ್ಹತೆ ಸಿಕ್ಕ ಮೇಲೂ ನಾನು ನಿಜವಾದ ಬೆಂಕಿಯನ್ನು ಹತ್ತಿರದಿಂದ ಕಂಡದ್ದು ನಾವೇ ಹಚ್ಚಿದಾಗ. ಬೇಸಿಗೆಗೆ ಮುಂಚೆ, ತಂಪಾದ ದಿನ ನೋಡಿ, ಊರಿಗೆ ತಾಗಿದ ಕಾಡಿನ ನೆಲದ ಮೇಲಿನ ಒಣ ಎಲೆ, ಕಡ್ಡಿಗಳನ್ನು ಸಣ್ಣ ಬೆಂಕಿಯಲ್ಲಿ ಸುಟ್ಟು ಮುಗಿಸುತ್ತಾರೆ. ಮಳೆಯ ವರ್ಷಗಳಲ್ಲಿ ಎಲ್ಲ ತೊಯ್ದಿದ್ದರಿಂದ ಅದು ಸಾಧ್ಯವಾಗಿರಲಿಲ್ಲ, ಬದಲಿಗೆ ಹುಲ್ಲು ಆಳೆತ್ತರ ಬೆಳೆದಿತ್ತು. 2023ರಲ್ಲಿ ಒಣಗಾಲ ಬಂದೊಡನೆ ರಾಜ್ಯದಾದ್ಯಂತ ಈ ಕೆಲಸ ಭರದಿಂದ ನಡೆಯಿತು, ಸೆಪ್ಟೆಂಬರಿನಲ್ಲಿ ಸಿಡ್ನಿಯನ್ನು ಹೊಗೆ ಕವಿದದ್ದು ಹಲವರಿಗೆ ನೆನಪಿರಬಹುದು. ಹೊಗೆಯ ಬಗ್ಗೆ ದೂರುವವರ ಕಷ್ಟ ನನಗೆ ಅರ್ಥವಾಗುತ್ತದೆ, ಅಂಗಡಿಯಲ್ಲಿ ಅವರಿಗೆ ಇನ್‌ಹೇಲರ್ ಕೊಡುವವಳು ನಾನೇ. ಆದರೂ ಸೆಪ್ಟೆಂಬರಿನ ಹೊಗೆ ಡಿಸೆಂಬರಿನ ಬೆಂಕಿಗಿಂತ ಎಷ್ಟೋ ಮೇಲು.

ಬೆಂಕಿ ಹಚ್ಚುವ ಡಬ್ಬಿಯ ಮೂತಿಯಿಂದ ಉರಿಯುವ ಎಣ್ಣೆ ಹನಿಹನಿಯಾಗಿ ಬೀಳುತ್ತ ಹೋಗುತ್ತದೆ, ಹಿಂದೆ ಮೊಣಕಾಲೆತ್ತರದ ಜ್ವಾಲೆ ನಿಧಾನವಾಗಿ ಹರಡುತ್ತದೆ. ಅದು ಮುಗಿಯುವುದು ಬೇಗ. ಆಮೇಲಿನದೇ ಕೆಲಸ. ಗಡಿಯಿಂದ ಒಳಗೆ ಒಂದಷ್ಟು ದೂರದವರೆಗೆ ಒಂದು ಕಿಡಿಯೂ ಉಳಿಯಬಾರದು. ಕೈಯಲ್ಲಿ ರೇಕ್‌ಹೋ ಇರುತ್ತದೆ, ಒಂದು ಬದಿಗೆ ಕುಂಟೆಯ ಹಲ್ಲು, ಇನ್ನೊಂದು ಬದಿಗೆ ಗುದ್ದಲಿಯ ಅಲಗು. ಬಿದ್ದ ದಿಮ್ಮಿಯನ್ನು ಹೊರಳಿಸಿ, ಅಡಿಯ ಬೂದಿ ಕೆದಕಿ, ನೀರು ಹಾಕಿ, ಮತ್ತೆ ಕೆದಕಬೇಕು. ಹೊರಗೆ ತಣ್ಣಗೆ ಕಂಡ ದಿಮ್ಮಿಯ ಟೊಳ್ಳಿನಲ್ಲಿ ಕೆಂಪಗೆ ಕಾಣುತ್ತದೆ. ಕೈಗವಸು ತೆಗೆದು, ಬೂದಿಯಿಂದ ತುಸು ಮೇಲೆ ಕೈಯ ಹಿಂಬದಿಯನ್ನು ಹಿಡಿದು ಬಿಸಿ ನೋಡುವುದನ್ನು ಪ್ಲಂಬರ್ ತೋರಿಸಿಕೊಟ್ಟರು. ಅಂಗೈ ಕೆಳಗೆ ಮಾಡಬಾರದು, ಸುಟ್ಟರೆ ಮುಂದೆ ಏನನ್ನೂ ಹಿಡಿಯಲಾಗುವುದಿಲ್ಲ. ಬೇರಿನೊಳಗೆ ಸೇರಿದ ಬೆಂಕಿ ವಾರಗಳ ನಂತರ ಬೇರೆ ಕಡೆ ತಲೆ ಎತ್ತಬಲ್ಲದು. ಮಧ್ಯಾಹ್ನದಿಂದ ಕತ್ತಲಾಗುವವರೆಗೆ ಬೆನ್ನು ಬಗ್ಗಿಸಿ ಮಾಡುವ ಈ ಕೆಲಸವನ್ನು ಟಿವಿಯವರು ತೋರಿಸುವುದಿಲ್ಲ. ನನ್ನ ಮಟ್ಟಿಗೆ ಅಗ್ನಿಶಾಮಕ ಕೆಲಸವೆಂದರೆ ಹೆಚ್ಚಿನ ಪಾಲು ಇದೇ, ಮತ್ತು ಇದನ್ನು ಮಾಡಲು ತೋಳ್ಬಲಕ್ಕಿಂತ ಹಟ ಬೇಕು.

ಹಾಗೆ ಕೆದಕುತ್ತಿರುವಾಗ ಊರಿನ ಸೊಪ್ಪಿನ ಬೆಟ್ಟ ಬಹಳ ನೆನಪಾಗುತ್ತದೆ. ಶಿರಸಿಯ ಕಡೆ ಬೇಸಿಗೆ ಬಂತೆಂದರೆ ಬೆಟ್ಟದ ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಗುಡಿಸಿ, ದೊಡ್ಡ ಕಲ್ಲಿಗಳಲ್ಲಿ ತುಂಬಿ, ಕೊಟ್ಟಿಗೆಗೂ ತೋಟಕ್ಕೂ ಹೊರುತ್ತಾರೆ. ಅದು ಗೊಬ್ಬರಕ್ಕಾಗಿ ಮಾಡುವ ಕೆಲಸ. ಆದರೆ ಉರಿಯಲು ಒಣ ಎಲೆಯೇ ಇಲ್ಲದ ನೆಲದಲ್ಲಿ ಬೆಂಕಿ ದೂರ ಹೋಗುವುದಿಲ್ಲ ಎಂಬುದು ಅದರೊಳಗೇ ಇದೆ. ಬಂಡೀಪುರದಲ್ಲಿ ಅರಣ್ಯ ಇಲಾಖೆಯವರು ಬೇಸಿಗೆಗೆ ಮೊದಲು ಬೆಂಕಿ ರೇಖೆ ಸುಡುವುದೂ ಈ ಲೆಕ್ಕದಲ್ಲೇ. ಈ ನೆಲದ ಮೂಲನಿವಾಸಿಗಳು ಸಾವಿರಾರು ವರ್ಷ ತಂಪು ಬೆಂಕಿಯಿಂದ ಕಾಡನ್ನು ನೋಡಿಕೊಂಡವರು. ಈಗ ಕೆಲವು ಕಡೆ ಅವರ ಮಾರ್ಗದರ್ಶನದಲ್ಲಿ ಆ ಪದ್ಧತಿ ಮತ್ತೆ ನಡೆಯುತ್ತಿದೆ. ಅವರಿಂದ ಕಲಿಯಬೇಕಾದದ್ದು ಇನ್ನೂ ಬೆಟ್ಟದಷ್ಟಿದೆ.

ದಳದಲ್ಲಿ ಕನ್ನಡ ಬಲ್ಲವಳು ನಾನೊಬ್ಬಳೇ ಆದ್ದರಿಂದ ಇನ್ನೊಂದು ಕೆಲಸ ತಾನಾಗಿ ನನ್ನ ಪಾಲಿಗೆ ಬಂತು. ಯುಗಾದಿ ಕೂಟದಲ್ಲಿ, ಗೃಹಪ್ರವೇಶದಲ್ಲಿ, ದೀಪಾವಳಿಯಲ್ಲಿ ನಮ್ಮವರ ಪ್ರಶ್ನೆಗಳಿಗೆ ಉತ್ತರ ಹೇಳುವುದು. ಇಲ್ಲಿ ಸಾಮಾನ್ಯವಾಗಿ ಅಕ್ಟೋಬರ್ 1ರಿಂದ ಮಾರ್ಚ್ 31ರವರೆಗೆ ಬೆಂಕಿಯ ಅಪಾಯದ ಕಾಲ. ನಮ್ಮ ದೀಪಾವಳಿ ಅದರೊಳಗೇ ಬರುತ್ತದೆ. ಪೂರ್ಣ ಬೆಂಕಿ ನಿಷೇಧ ಘೋಷಿಸಿದ ದಿನ ಬಯಲಲ್ಲಿ ಯಾವ ಬೆಂಕಿಯನ್ನೂ ಹಚ್ಚುವಂತಿಲ್ಲ. ಹಿತ್ತಲಲ್ಲಿ ಹೋಮಕುಂಡ ಇಟ್ಟು ಗಣಹೋಮ ಮಾಡುವುದೂ ಅದರಲ್ಲಿ ಸೇರಿತು. ಮುಹೂರ್ತ ಇಟ್ಟಾಗಿದೆ, ಪುರೋಹಿತರು ಬಂದಾಗಿದೆ, ಈಗ ಏನು ಮಾಡುವುದು ಎಂದು ಬೆಳಿಗ್ಗೆ ಏಳಕ್ಕೆ ಫೋನ್ ಬರುತ್ತದೆ. ಗಾಳಿಯ ದಿನ ಒಂದು ಕಿಡಿ ಬೇಲಿಯಾಚೆಯ ಹುಲ್ಲಿಗೆ ಬಿದ್ದರೆ ಏನಾಗುತ್ತದೆ ಎಂದು ವಿವರಿಸಿದರೆ ಹಿರಿಯರೇ ಮೊದಲು ಒಪ್ಪುತ್ತಾರೆ. ಪುರೋಹಿತರೊಬ್ಬರು ಈಗ ದಿನ ಗೊತ್ತು ಮಾಡುವಾಗಲೇ ಬೇಸಿಗೆಯಾದರೆ ಇನ್ನೊಂದು ದಿನವನ್ನೂ ಇಟ್ಟುಕೊಳ್ಳಿ ಎಂದು ಮನೆಯವರಿಗೆ ತಿಳಿಸುತ್ತಾರೆ. ಪಟಾಕಿಯ ವಿಷಯದಲ್ಲಿ ಮಾತಿಗೇ ಅವಕಾಶವಿಲ್ಲ, ಪರವಾನಗಿಯಿಲ್ಲದೆ ಹಚ್ಚುವುದು ಈ ರಾಜ್ಯದಲ್ಲಿ ಅಪರಾಧ.

ಮನೆ, ಕಾರಿನ ಬೆಂಕಿಗೆ ಹೋಗಲು ವಿಲೇಜ್ ಫೈರ್‌ಫೈಟರ್ ಎಂಬ ಮುಂದಿನ ತರಬೇತಿ ಬೇಕು. ಅದನ್ನು ಈಗ ಕಲಿಯುತ್ತಿದ್ದೇನೆ. ಎಲ್ಲರೂ ಹೋಸ್ ಹಿಡಿಯಬೇಕೆಂದೇನೂ ಇಲ್ಲ. ರೇಡಿಯೊ ಕೋಣೆಯಲ್ಲಿ ಕೂರುವವರು, ಅಡುಗೆ ನೋಡಿಕೊಳ್ಳುವವರು, ಗಾಡಿಗಳ ದುರಸ್ತಿ ಮಾಡುವವರು, ಶಾಲೆಗಳಿಗೆ ಹೋಗಿ ಮಾತಾಡುವವರು ಇಲ್ಲದೆ ದಳ ಒಂದು ದಿನವೂ ನಡೆಯದು. ವಿಕ್ಟೋರಿಯಾದಲ್ಲಿರುವವರಿಗೆ ಕಂಟ್ರಿ ಫೈರ್ ಅಥಾರಿಟಿ ಇದೆ, ಅಲ್ಲೂ ಸ್ವಯಂಸೇವಕರದೇ ಕಾರುಬಾರು. ನಮ್ಮ ದಳದ ಲೆಕ್ಕಪತ್ರ ನೋಡಿಕೊಳ್ಳುವ ಹಿರಿಯರಿಗೆ ಎಪ್ಪತ್ತು ದಾಟಿದೆ, ಕಣ್ಣು ಮೊದಲಿನಂತಿಲ್ಲ. ಬರುವ ವಾರ್ಷಿಕ ಸಭೆಯೊಳಗೆ ಪುಸ್ತಕಗಳನ್ನು ಒಪ್ಪಿಸಲು ಅವರು ಒಬ್ಬರನ್ನು ಹುಡುಕುತ್ತಿದ್ದಾರೆ. ನಮ್ಮ ಬಡಾವಣೆಯಲ್ಲಿ ಲೆಕ್ಕ ಬಲ್ಲ ಕನ್ನಡಿಗರು ಮನೆಗೊಬ್ಬರಿದ್ದಾರೆ ಎಂದು ಅವರಿಗೆ ಹೇಳಿದ್ದೇನೆ.